ಅಕ್ಕನ ಮನೆಯ ಹಸಿರು ವೈರು

"ಈ ಭಾನುವಾರ ಬಂದು ಮನೇಲಿರೋ ಹಸಿರು ವೈರನ್ನೆಲ್ಲ ಕಿತ್ತು ಹಾಕಿ ಹೋಗು," ಎಂದು ಅಕ್ಕ ಫೋನಿನಲ್ಲಿ ಹೇಳಿದಳು. "ಒಂದೂ ಉಳೀಬಾರದು. ನೋಡಿದ್ರೆ ಮೈ ಉರಿಯತ್ತೆ."

"ಅಕ್ಕಾ, ಅದು ಮನೇಲಿರಬೇಕಾದ್ದು. ಸುಮ್ಮನೆ ಕೀಳೋಕಾಗಲ್ಲ."

"ಮನೇಲಿರಬೇಕಾದ ಮನುಷ್ಯನೇ ಇಲ್ಲ, ಇನ್ನು ವೈರು ಇಟ್ಕೊಂಡು ಏನ್ಮಾಡ್ಲಿ? ನೀನು ಬರ್ತೀಯೋ, ಬೇರೆ ಯಾರನ್ನಾದ್ರೂ ಕರೀಲೋ?"

ಬೇರೆ ಯಾರೂ ಬೇಡ, ನಾನೇ ಬರುತ್ತೇನೆ ಎಂದೆ. ಭಾವ ಸತ್ತು ಹನ್ನೊಂದು ತಿಂಗಳಾಗಿತ್ತು. ಆ ಹನ್ನೊಂದು ತಿಂಗಳಿಂದಲೂ ಅಕ್ಕ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು. ಅದರ ಉತ್ತರ ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ನಾನು ಗೊತ್ತಿಲ್ಲ, ಗೊತ್ತಿಲ್ಲ ಎಂದು ತಲೆಯಾಡಿಸುತ್ತಲೇ ಬಂದಿದ್ದೆ.

ನಾನು ಸಾಬೂನು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಭಾವ ಅದೇ ಕಾರ್ಖಾನೆಯಲ್ಲಿ ವೈರ್‌ಮನ್, ನನ್ನ ಕೈಕೆಳಗೆ. ಅಂದರೆ ಮನೆಯಲ್ಲಿ ಅವರು ಬಂದರೆ ನಾನು ಎದ್ದು ನಿಲ್ಲಬೇಕು, ಕಾರ್ಖಾನೆಯಲ್ಲಿ ನಾನು ಬಂದರೆ ಅವರು ಎದ್ದು ನಿಲ್ಲಬೇಕು. ಬೇರೆಯವರಾಗಿದ್ದರೆ ಇದಕ್ಕೇ ಮುಖ ಊದಿಸಿಕೊಳ್ಳುತ್ತಿದ್ದರು. ಭಾವನಿಗೆ ಇದೊಂದು ದೊಡ್ಡ ತಮಾಷೆ. ಗೇಟು ದಾಟಿದ ಕೂಡಲೇ "ಏನಪ್ಪಾ" ಹೋಗಿ "ಸಾಹೇಬ್ರೇ" ಬರುತ್ತಿತ್ತು. ಸಂಜೆ ಅದೇ ಗೇಟು ದಾಟಿ ಸೈಕಲ್ ಸ್ಟ್ಯಾಂಡಿಗೆ ಬಂದ ಕೂಡಲೇ ಸಾಹೇಬರು ಮಾಯವಾಗಿ ಮತ್ತೆ "ಏನಪ್ಪಾ, ಊಟಕ್ಕೆ ಬರ್ತೀಯಾ?" ಎನ್ನುತ್ತಿದ್ದರು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಕ್ಕನ ಮದುವೆಯಾದಾಗ ಹನ್ನೆರಡು. ಅವಳ ಎರಡು ಟ್ರಂಕುಗಳ ಜೊತೆಗೆ ಮೂರನೆಯ ಟ್ರಂಕಿನ ಹಾಗೆ ನಾನೂ ಭಾವನ ಮನೆ ಸೇರಿದೆ. ಹೊಸದಾಗಿ ಮದುವೆಯಾದ ಗಂಡಸು, ಇರುವುದು ಎರಡೇ ಕೋಣೆ, ನಡುವೆ ಮೂಗು ಸೋರಿಸಿಕೊಂಡ ಹುಡುಗನೊಬ್ಬ. ಒಂದು ದಿನಕ್ಕೂ ಅವರು ಮುಖ ಸಿಂಡರಿಸಲಿಲ್ಲ. ಮುಂದೆ ನಾನು ತಾಂತ್ರಿಕ ಶಾಲೆ ಸೇರಿದಾಗ ಮೂರು ವರ್ಷ ದಿನಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟು, ಅಲ್ಲಿಂದ ಕಾರ್ಖಾನೆಗೆ ತುಳಿಯುತ್ತಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ನನ್ನ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದವರೂ ಅವರೇ. ನಾನು ಹೇಳಿದ ಉತ್ತರ ಸರಿಯೋ ತಪ್ಪೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ಜೋರಾಗಿ ಹೇಳಿದರೆ ಸರಿ, ತಡವರಿಸಿದರೆ ತಪ್ಪು, ಅಷ್ಟೇ. ನಾನು ಜೋರಾಗಿ ಹೇಳುವುದನ್ನು ಅಲ್ಲೇ ಕಲಿತೆನೇನೋ.

ಕಾರ್ಖಾನೆಯಲ್ಲಿ ನಮ್ಮಿಬ್ಬರಿಗೂ ಅಡ್ಡಹೆಸರುಗಳಿದ್ದವು. ಮಾತೆತ್ತಿದರೆ ನಿಯಮ, ಪುಟ, ಕಲಂ ಎನ್ನುತ್ತಿದ್ದ ನನಗೆ ಪುಸ್ತಕ ಎಂದು ಹೆಸರು. ಭಾವನಿಗೆ ಹಸಿರು ಮಾವ ಎಂದು. ಅವರು ಸಣ್ಣ ವಯಸ್ಸಿನಲ್ಲಿ ಒಬ್ಬ ಗೆಳೆಯ ಪಂಪಿನ ಮೈ ಮುಟ್ಟಿ ಅಲ್ಲೇ ಕುಸಿದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಅಂದಿನಿಂದ ಅವರಿಗೆ ಲೋಹ ಎಲ್ಲಿ ಕಂಡರೂ ಅದನ್ನು ಹಸಿರು ವೈರಿನಿಂದ, ಅಂದರೆ ಅರ್ಥಿಂಗ್ ವೈರಿನಿಂದ, ನೆಲಕ್ಕೆ ಕಟ್ಟದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಮೋಟಾರು, ಪ್ಯಾನೆಲ್ಲು ಸರಿ, ಅವಕ್ಕೆ ಬೇಕೇ ಬೇಕು. ಇವರು ಕಬ್ಬಿಣದ ಕಪಾಟನ್ನೂ ಬಿಡಲಿಲ್ಲ. ಅಂಗಡಿಯಿಂದ ಹೊಸ ಬೆಂಚು ಬಂದರೆ ಮೊದಲು ಅದರ ಕಾಲು ನೋಡುತ್ತಿದ್ದರು. ಒಂದು ದಿನ ಪ್ಯಾಕಿಂಗಿನವರು ಅವರ ಊಟದ ಡಬ್ಬಿಗೇ ಹಸಿರು ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿದಿಟ್ಟರು. ಅದನ್ನು ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕವರು ಭಾವ.

ನನ್ನ ಸ್ವಭಾವವನ್ನೂ ಹೇಳಿಬಿಡುತ್ತೇನೆ. ತಪ್ಪು ಕಂಡರೆ ನನಗೆ ತಡೆಯುವುದಿಲ್ಲ, ರೇಗುತ್ತೇನೆ. ಅದರಲ್ಲೂ ನಾನು ಸರಿ, ಎದುರಿನವರು ತಪ್ಪು ಎಂದಾದರೆ ಒಳಗೊಳಗೇ ಒಂದು ಸುಖವೂ ಆಗುತ್ತದೆ. ಆ ಸುಖವೇ ನನಗೆ ಮುಳುವಾಯಿತು.

ನಮ್ಮ ಜಗಳವೆಲ್ಲ ಒಂದು ಕೈದೀಪದ್ದು. ಸಾಬೂನು ಕುದಿಸುವ ದೊಡ್ಡ ಉಕ್ಕಿನ ಹಂಡೆಗಳಿವೆ, ಎರಡಾಳು ಎತ್ತರ. ವಾರಕ್ಕೊಮ್ಮೆ ಆರಿಸಿ, ಮೇಲಿನ ಬಾಯಿಯಿಂದ ಏಣಿ ಇಳಿಬಿಟ್ಟು, ಒಬ್ಬರು ಒಳಗಿಳಿದು ಗೋಡೆಗಂಟಿದ್ದನ್ನು ಕೆರೆಯಬೇಕು. ಒಳಗೆ ಕತ್ತಲೆ, ಕಾಲಡಿ ಸದಾ ಒದ್ದೆ, ಸುತ್ತ ಉಕ್ಕು. ಅಲ್ಲಿಗೆ ಮನೆಯ ಕರೆಂಟಿನ ದೀಪ ಒಯ್ದರೆ ಸಾವನ್ನು ಕೈಯಲ್ಲಿ ಹಿಡಿದು ಹೋದ ಹಾಗೆ. ಆದ್ದರಿಂದ ಇಪ್ಪತ್ನಾಲ್ಕು ವೋಲ್ಟಿನ ಕೈದೀಪ. ಮೇನ್ ಲೈನಿನ ಇನ್ನೂರ ಮೂವತ್ತನ್ನು ಇಪ್ಪತ್ನಾಲ್ಕಕ್ಕೆ ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬಿ ಹಂಡೆಯ ಹೊರಗಿರುತ್ತದೆ. ಅದರಿಂದ ಹೊರಟ ಉದ್ದನೆಯ ಕೇಬಲ್ಲಿನ ತುದಿಯಲ್ಲಿ, ಕಂಬಿಯ ಪಂಜರದೊಳಗೆ, ಬಲ್ಬು.

ಇಂಥ ದೀಪಕ್ಕೆ ಹಸಿರು ವೈರು ಹಾಕಬಾರದು ಎನ್ನುತ್ತದೆ ನಿಯಮ. ಕೇಳಿದವರಿಗೆ ವಿಚಿತ್ರವೆನಿಸುತ್ತದೆ, ಆದರೆ ಕಾರಣ ಸರಳ. ಆ ಡಬ್ಬಿಯೊಳಗೆ ಎರಡು ತಂತಿಸುರುಳಿಗಳಿರುತ್ತವೆ, ಒಂದಕ್ಕೊಂದು ತಗಲುವುದಿಲ್ಲ. ಹೊರಬರುವ ಕರೆಂಟಿಗೆ ನೆಲದ ನಂಟೇ ಇಲ್ಲ. ದೀಪದ ವೈರು ಹರಿದು ಪಂಜರಕ್ಕೆ ತಗಲಿದರೂ, ಪಂಜರವನ್ನು ಮನುಷ್ಯ ಹಿಡಿದರೂ ಏನೂ ಆಗುವುದಿಲ್ಲ. ಅಂಥ ದೀಪಕ್ಕೆ ಹಸಿರು ವೈರು ಕಟ್ಟಿದಿರೋ, ಇಲ್ಲದ ನಂಟನ್ನು ನೀವಾಗಿಯೇ ಕಟ್ಟಿದ ಹಾಗೆ. ದೂರದಲ್ಲಿ ಯಾವುದೋ ಮೋಟಾರು ಕೆಟ್ಟರೆ ಅದರ ಪೆಟ್ಟು ಹಸಿರು ವೈರು ಹಿಡಿದು ನಡೆದು ಬಂದು ಹಂಡೆಯೊಳಗಿನವನ ಕೈ ಸೇರಬಹುದು.

ಇದನ್ನು ನಾನು ಭಾವನಿಗೆ ನೂರು ಸಲ ಹೇಳಿದ್ದೆ, ಒಮ್ಮೆ ಪುಸ್ತಕವನ್ನೇ ತಂದು ಆ ಪುಟ ತೋರಿಸಿದ್ದೆ. ಅವರು ನೂರು ಸಲ "ಆಯ್ತು ಸಾಹೇಬ್ರೇ" ಎಂದಿದ್ದರು. ಮರುವಾರ ನೋಡಿದರೆ ದೀಪದ ಪಂಜರಕ್ಕೆ ಹಸಿರು ವೈರು ಹಾಜರು. ನಾನು ಕಟ್ಟರ್ ತೆಗೆದು ಟಪ್ಪೆಂದು ಕತ್ತರಿಸುತ್ತಿದ್ದೆ. ಸುತ್ತಲಿದ್ದವರು ನಗುತ್ತಿದ್ದರು. ಆಮೇಲಾಮೇಲೆ ಭಾವ ಜೋಡಿಸುವುದನ್ನು ಬಿಟ್ಟರು. ನನ್ನ ಮಾತು ಕೊನೆಗೂ ತಲೆಗೆ ಹೋಯಿತೆಂದು ಬೀಗಿದೆ. ಒಂದೂವರೆ ವರ್ಷ ಆ ಜಗಳ ಮತ್ತೆ ಬರಲಿಲ್ಲ.

ಹನ್ನೊಂದು ತಿಂಗಳ ಹಿಂದಿನ ಆ ಬೆಳಿಗ್ಗೆ ಹಳೆಯ ಡಬ್ಬಿ ಸುಟ್ಟುಹೋಯಿತು. ಹಂಡೆ ಆರಿಸಿಯಾಗಿತ್ತು, ಮಧ್ಯಾಹ್ನ ಮತ್ತೆ ತುಂಬಬೇಕು, ಫೋರ್‌ಮನ್ ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದ. ನಾನೇ ಸ್ಟೋರಿಗೆ ಹೋದೆ. ಕಪಾಟಿನಲ್ಲಿ ಹಳೆಯ ಪ್ಯಾಕಿಂಗ್ ಯಂತ್ರದಿಂದ ಬಿಚ್ಚಿಟ್ಟ ಒಂದು ಡಬ್ಬಿಯಿತ್ತು. ಮುಖದ ಮೇಲೆ ಇಪ್ಪತ್ನಾಲ್ಕು ಎಂದು ದಪ್ಪಗೆ ಬರೆದಿತ್ತು. ತಂದು ಜೋಡಿಸಿದೆ, ಬಲ್ಬು ಹೊತ್ತಿತು. ನನ್ನ ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡೆ.

ಸಂಖ್ಯೆ ನೋಡಿದೆ, ಗುರುತು ನೋಡಲಿಲ್ಲ. ನಂಟು ಕಡಿದ ಡಬ್ಬಿಯ ಮೇಲೆ ಸಣ್ಣ ಚೌಕಟ್ಟಿನೊಳಗೆ ಒಂದಕ್ಕೊಂದು ತಗುಲಿಕೊಂಡ ಎರಡು ಉಂಗುರಗಳ ಗುರುತಿರುತ್ತದೆ. ಈ ಡಬ್ಬಿಯ ಮೇಲೆ ಅದಿರಲಿಲ್ಲ. ಇದರೊಳಗೆ ಇದ್ದದ್ದು ಒಂದೇ ಸುರುಳಿ, ನಡುವೆ ಕವಲೊಡೆದು ಇಪ್ಪತ್ನಾಲ್ಕು ಕೊಡುವಂಥದ್ದು. ಬಲ್ಬಿನ ಪಾಲಿಗೆ ಇಪ್ಪತ್ನಾಲ್ಕೇ. ಆದರೆ ಅದೇ ವೈರನ್ನು ಹಿಡಿದು ಒದ್ದೆ ನೆಲದ ಮೇಲೆ ನಿಂತವನ ಪಾಲಿಗೆ ಮೇನ್ ಲೈನಿನ ಪೂರ್ತಿ ಇನ್ನೂರ ಮೂವತ್ತು. ಇಂಥ ಡಬ್ಬಿಯನ್ನು ಹಂಡೆಯ ಹತ್ತಿರವೇ ತರಬಾರದು. ಎಲ್ಲಿಟ್ಟರೂ ಅದರಿಂದ ಉರಿಯುವ ದೀಪದ ಪಂಜರಕ್ಕೆ ಹಸಿರು ವೈರು ಇರಲೇಬೇಕು, ಕೆಟ್ಟರೆ ಫ್ಯೂಸು ಹಾರಿ ಮನುಷ್ಯ ಉಳಿಯಬೇಕು. ಇದೂ ಅದೇ ಪುಸ್ತಕದಲ್ಲಿದೆ, ಎದುರಿನ ಪುಟದಲ್ಲೇ ಇದೆ.

ನಾನು ಸ್ಟೋರಿನ ಚೀಟಿಗೆ ಸಹಿ ಹಾಕಿ ಹಿಂತಿರುಗುವಷ್ಟರಲ್ಲಿ ಭಾವ ದೀಪದ ಪಂಜರಕ್ಕೆ ಹಸಿರು ವೈರು ಜೋಡಿಸಿಬಿಟ್ಟಿದ್ದರು.

"ಇದೇನು ಮತ್ತೆ ಶುರು?" ಎಂದು ರೇಗಿದೆ.

"ಡಬ್ಬಿ ಹೊಸದಲ್ವಾ ಸಾಹೇಬ್ರೇ. ಮೇಲೆ ಗುರುತು ಕಾಣಿಸ್ತಿಲ್ಲ. ಇರ್ಲಿ ಬಿಡಿ, ಇವತ್ತೊಂದಿನ."

"ಇಪ್ಪತ್ನಾಲ್ಕು ಅಂತ ಅಷ್ಟು ದಪ್ಪಗೆ ಬರೆದಿದೆ, ಕಣ್ಣು ಕಾಣಲ್ವಾ? ಇನ್ನೂ ಎಷ್ಟು ಸಲ ಹೇಳ್ಲಿ?"

ಸುತ್ತ ನಾಲ್ಕು ಜನರಿದ್ದರೆ ಬಹುಶಃ ಅವರೂ ನಗುತ್ತಿದ್ದರು. ಆಗ ಯಾರೂ ಇರಲಿಲ್ಲ, ಫೋರ್‌ಮನ್ನೂ ಆಚೆ ಹೋಗಿದ್ದ. ನಾನು ಅವರ ಚೀಲದಿಂದಲೇ ಕಟ್ಟರ್ ತೆಗೆದು ಹಸಿರು ವೈರನ್ನು ಪಂಜರದ ಬುಡದಲ್ಲಿ ಕತ್ತರಿಸಿ, ಕಟ್ಟರನ್ನು ಮತ್ತೆ ಅದೇ ಚೀಲಕ್ಕೆ ಹಾಕಿದೆ. ಭಾವ ನಕ್ಕರು. "ಮುಗೀತು ಬಿಡಿ. ನೀವು ಹೇಳಿದ ಮೇಲೆ ಮುಗೀತು," ಎಂದು ಕೆರೆಯುವವರಿಗೆ ಒಳಗೆ ದೀಪ ಕಟ್ಟಿಕೊಡಲು ಅದನ್ನು ಹಿಡಿದು ಏಣಿ ಇಳಿದರು.

ಕೇಬಲ್ಲು ದೀಪದ ಹಿಡಿಯೊಳಗೆ ಹೋಗುವಲ್ಲಿ ಸವೆದಿತ್ತು. ಒಳಗಿನ ತಾಮ್ರ ಪಂಜರಕ್ಕೆ ತಗಲಿತ್ತು. ಹಳೆಯ ಡಬ್ಬಿ ಇದ್ದಾಗ ಎಷ್ಟು ದಿನದಿಂದ ಹಾಗಿತ್ತೋ, ಯಾರಿಗೂ ಏನೂ ಆಗಿರಲಿಲ್ಲ. ನಾನು ನನ್ನ ಮೇಜಿನ ಹತ್ತಿರ ಹೋಗಿ ಟೀ ಕುಡಿಯುತ್ತಿದ್ದಾಗ ಯಾರೋ ಕೂಗಿಕೊಂಡರು.

ಆಮೇಲಿನದನ್ನು ವಿವರಿಸಲು ನನ್ನಿಂದಾಗದು. ಅವರನ್ನು ಏಣಿಯ ಮೇಲೆ ಎತ್ತಿ ತಂದವರಲ್ಲಿ ನಾನೂ ಒಬ್ಬ. ಅವರ ಬಟ್ಟೆಯಿಂದ ಹೊಸ ಸಾಬೂನಿನ ವಾಸನೆ ಬರುತ್ತಿತ್ತು.

ಮೂರನೆಯ ದಿನ ವಿಚಾರಣೆಗೆ ಅಧಿಕಾರಿ ಬಂದರು, ಮೆಲುದನಿಯ ಮನುಷ್ಯ. ಡಬ್ಬಿ ಬಿಚ್ಚಿ ನೋಡಿದರು, ದೀಪ ತಿರುಗಿಸಿ ನೋಡಿದರು. ಸ್ಟೋರಿನವರು ಆ ಡಬ್ಬಿಯನ್ನು ಆ ಕಪಾಟಿನಲ್ಲಿ ಇಡಲೇಬಾರದಿತ್ತು ಎಂದರು. ಅದನ್ನು ತಂದವನು ನಾನೆಂದು ಚೀಟಿಯಲ್ಲಿತ್ತು, ಒಪ್ಪಿಕೊಂಡೆ, ಅದಕ್ಕೊಂದು ಎಚ್ಚರಿಕೆಯ ಪತ್ರ ಬಂತು. ಆಮೇಲೆ ಅವರು ಹಸಿರು ವೈರಿನ ತುದಿಯನ್ನು ಬೆರಳಿನಿಂದ ಎತ್ತಿ ಹಿಡಿದರು.

"ಇದು ಹೊಸದಾಗಿ ಕತ್ತರಿಸಿದ್ದು. ಇದಿದ್ದಿದ್ರೆ ಇವರು ಉಳೀತಿದ್ರು. ಯಾರು ಕತ್ತರಿಸಿದ್ದು?"

ನಾನು ಬಾಯಿ ತೆರೆಯುವ ಮುಂಚೆಯೇ ಫೋರ್‌ಮನ್ ಹೇಳಿದ: "ಅದು ಅವರದೇ ಚಾಳಿ ಸರ್. ಜೋಡಿಸೋದು, ಸಾಹೇಬ್ರು ಬೈತಾರೆ ಅಂತ ಕತ್ತರಿಸೋದು. ಕಟ್ಟರೂ ಅವರ ಚೀಲದಲ್ಲೇ ಇತ್ತಲ್ಲ."

ಅಧಿಕಾರಿ ನನ್ನ ಕಡೆ ತಿರುಗಿ, "ಹೌದೇ?" ಎಂದರು.

"ಇರಬಹುದು," ಎಂದೆ.

ಒಂದೇ ಮಾತು. ಅದು ಸುಳ್ಳೂ ಅಲ್ಲವೆಂದು ಆ ಕ್ಷಣಕ್ಕೆ ಸಮಾಧಾನ ಮಾಡಿಕೊಂಡೆ. ಲೈಸೆನ್ಸು ಹೋಗುತ್ತದೆಂಬ ಭಯವೇ, ಜೈಲಿನ ಭಯವೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವೂ ಇದ್ದವು. ಆದರೆ ಹೆಚ್ಚಿನದು, ಅಕ್ಕನಿಗೆ ಮುಖ ತೋರಿಸಲಾರೆನೆಂಬ ಭಯ. ಮುಖ ಉಳಿಸಿಕೊಳ್ಳಲು ಹೋಗಿ ಹನ್ನೊಂದು ತಿಂಗಳು ಅವಳ ಮುಖವನ್ನೇ ನೆಟ್ಟಗೆ ನೋಡಲಾಗದವನಾದೆ.

ಮೃತರೇ ಕತ್ತರಿಸಿರುವ ಸಾಧ್ಯತೆ ಇದೆ ಎಂದು ವರದಿ ಬರೆದರು. ಅದರ ಪ್ರತಿ ಅಂಚೆಯಲ್ಲಿ ಅಕ್ಕನಿಗೂ ಬಂತು. ಅವಳು ಅಳುವುದನ್ನು ನಿಲ್ಲಿಸಿದ್ದು ಆ ದಿನ. ಅಳು ನಿಂತು ಬೈಗುಳ ಶುರುವಾಯಿತು. ಬೆಳಿಗ್ಗೆ ನೀರು ಕಾಯಿಸುವ ಸ್ವಿಚ್ಚು ಒತ್ತುವಾಗ, ಗೋಡೆಯ ಬುಡದಲ್ಲಿ ಓಡುವ ಹಸಿರು ವೈರಿನ ಕಡೆ ನೋಡಿ ಗಂಡನನ್ನು ಬೈಯುತ್ತಿದ್ದಳು. "ಊರಿಗೆಲ್ಲ ಕಟ್ಟಿದ್ರಿ, ನಿಮ್ಮ ದೀಪದ್ದು ನೀವೇ ಕತ್ತರಿಸಿಕೊಂಡ್ರಿ. ನಾನು ಬೇಡವಾಗಿದ್ರೆ ಬಾಯಿಬಿಟ್ಟು ಹೇಳಬೇಕಿತ್ತು." ನಾನು ಹೋದಾಗಲೆಲ್ಲ ಅದೇ ಪ್ರಶ್ನೆ: "ಯಾಕೋ ಕತ್ತರಿಸಿದ್ರು? ನೀನು ಕೆಲಸ ಗೊತ್ತಿರೋನು, ಹೇಳು." ನಾನು ಲೋಟದೊಳಗೆ ಕಣ್ಣಿಟ್ಟು, "ಗೊತ್ತಿಲ್ಲ ಅಕ್ಕಾ, ಅವಸರ ಇತ್ತೇನೋ," ಎನ್ನುತ್ತಿದ್ದೆ.

ಭಾನುವಾರ ಹತ್ತು ಗಂಟೆಗೆ ಹೋದೆ. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಜೇಬು ಹಚ್ಚುತ್ತಿದ್ದಳು. ಮೊದಲಾದರೆ ನನ್ನ ಹೆಜ್ಜೆ ಸದ್ದಿಗೇ ಎದ್ದು ಟೀಗೆ ನೀರಿಡುತ್ತಿದ್ದಳು. ಈಗ ತಲೆ ಎತ್ತದೆ, "ಕೋಣೆಯಿಂದ ಶುರು ಮಾಡು," ಎಂದಳು.

ಮೇನ್ ಆಫ್ ಮಾಡಿ ಕೆಲಸಕ್ಕಿಳಿದೆ. ಆ ಮನೆಗೆ ಬೇಕಾದ ಅರ್ಥಿಂಗ್ ಗೋಡೆಯೊಳಗೆ ಪೈಪಿನಲ್ಲೇ ಇತ್ತು. ಅದನ್ನು ನಾನು ಮುಟ್ಟುವವನಲ್ಲ. ಹೊರಗೆ ಕಾಣುತ್ತಿದ್ದದ್ದೆಲ್ಲ ಭಾವ ತಮ್ಮ ಸಮಾಧಾನಕ್ಕೆ ಎಳೆದದ್ದು. ಕಬ್ಬಿಣದ ಮಂಚಕ್ಕೊಂದು. ಪಾತ್ರೆ ತೊಳೆಯುವ ತೊಟ್ಟಿಗೊಂದು. ಬಟ್ಟೆ ಒಣಹಾಕುವ ತಂತಿಗೊಂದು. ಪ್ರತಿಯೊಂದನ್ನೂ ಒಂದೇ ಅಳತೆಯ ಅಂತರದಲ್ಲಿ ಮೊಳೆ ಹೊಡೆದು, ಮೂಲೆಯಲ್ಲಿ ನಯವಾಗಿ ಬಗ್ಗಿಸಿ, ಗೋಡೆಗೆ ಅಂಟಿ ಮಲಗಿಸಿದ್ದರು. ಅವರಿಗೆ ಓದು ಕಡಿಮೆ ಇರಬಹುದು, ಕೈಗೆ ಮಾತ್ರ ಹೆಸರಿಡುವ ಹಾಗಿರಲಿಲ್ಲ. ಮೊಳೆ ಕೀಳುವಾಗ ಗೋಡೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಕಿತ್ತ ವೈರನ್ನು ಸುತ್ತಿ ಸುತ್ತಿ ಹೆಗಲಿಗೆ ಹಾಕಿಕೊಂಡೆ.

ಹೊಲಿಗೆ ಯಂತ್ರದ ಬಳಿ ಬಂದಾಗ ಅಕ್ಕ ಕುರ್ಚಿ ಹಿಂದೆ ಸರಿಸಿ ನಿಂತಳು. ಅದರ ಕಬ್ಬಿಣದ ಕಾಲಿಗೂ ಒಂದು ವೈರಿತ್ತು, ಉಳಿದವುಗಳಿಗಿಂತ ಹೊಸದು. ಗೋಡೆಗೆ ತೂತು ಕೊರೆದು ಆಚೆಯಿಂದ ತಂದಿದ್ದರು. ತೂತಿನ ಸುತ್ತ ಗಾರೆ ಕಿತ್ತುಹೋಗಿತ್ತು.

"ಇದನ್ನ ಮೊದಲು ಕೀಳು," ಎಂದಳು. ಅವಳ ದನಿ ಬೇರೆಯಾಗಿತ್ತು. ಕಿತ್ತೆ.

ಕೊನೆಗೆ ಉಳಿದದ್ದು ಬಾಗಿಲ ಮೇಲಿನ ಕರೆಗಂಟೆ. ಅದೂ ಸಣ್ಣ ವೋಲ್ಟಿನದೇ, ಅದಕ್ಕೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿಯಿದೆ. ಸ್ಟೂಲು ಹತ್ತಿ ಮುಚ್ಚಳ ತೆಗೆದೆ. ಹಸಿರು ವೈರು ಡಬ್ಬಿಯವರೆಗೂ ಬಂದಿತ್ತು, ಆದರೆ ಯಾವುದಕ್ಕೂ ಜೋಡಿಸಿರಲಿಲ್ಲ. ತುದಿಯನ್ನು ಹಿಂದಕ್ಕೆ ಮಡಚಿ, ಮೇಲೆ ಮೂರು ಸುತ್ತು ಟೇಪು ಸುತ್ತಿ, ಪಕ್ಕಕ್ಕೆ ಮಲಗಿಸಿಟ್ಟಿದ್ದರು. ಮರೆತು ಬಿಟ್ಟದ್ದಲ್ಲ, ಬೇಡವೆಂದು ನಿರ್ಧರಿಸಿ ಬಿಟ್ಟದ್ದು. ಡಬ್ಬಿಯನ್ನು ಬೆಳಕಿಗೆ ತಿರುಗಿಸಿದೆ. ಸಣ್ಣ ಚೌಕಟ್ಟಿನೊಳಗೆ ಎರಡು ಉಂಗುರಗಳು.

"ಯಾಕೋ, ಸುಮ್ಮನೆ ನಿಂತೆ?" ಎಂದಳು ಅಕ್ಕ ಕೆಳಗಿನಿಂದ.

"ಇದಕ್ಕೆ ಜೋಡಿಸೇ ಇಲ್ಲ."

"ಓ, ಅದಾ. ಅದಕ್ಕೆ ಬೇಡ ಅಂದಿದ್ರು. ವೈರು ಎಳೆದಾದ ಮೇಲೆ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ್ರು. ಎರಡು ಉಂಗುರ ಇದ್ರೆ ಹಾಕಬಾರದಂತೆ, ಇಲ್ಲದಿದ್ರೆ ಹಾಕಲೇಬೇಕಂತೆ. 'ನಿನ್ನ ತಮ್ಮ ಹೇಳಿಕೊಟ್ಟಿದ್ದು ಕಣೇ, ಪುಸ್ತಕ ತಂದು ತೋರಿಸಿದ್ದ, ಎರಡೂ ಪುಟ ಓದಿದೆ' ಅಂದ್ರು. ಎರಡೂವರೆ ವರ್ಷ ಆಯ್ತೇನೋ."

ಸ್ಟೂಲಿನ ತುದಿಗೆ ಸರಿದು, ಬಾಗಿ, ಆ ಎರಡು ಉಂಗುರಗಳನ್ನು ಮತ್ತೊಮ್ಮೆ ನೋಡಿದೆ. ಅವರು ಜೋಡಿಸುವುದನ್ನು ಬಿಟ್ಟದ್ದು ನನ್ನ ಬೈಗುಳಕ್ಕಲ್ಲ. ಓದಿ, ತಿಳಿದು ಬಿಟ್ಟಿದ್ದರು. ಆ ಬೆಳಿಗ್ಗೆ ಮತ್ತೆ ಜೋಡಿಸಿದ್ದೂ ಹಳೆಯ ಭಯದಿಂದಲ್ಲ. ಗುರುತು ಕಾಣಿಸುತ್ತಿಲ್ಲ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ನಾನು ಒಂದು ಪುಟ ಬಾಯಿಪಾಠ ಮಾಡಿದವನು, ಅವರು ಎರಡು ಪುಟ ಅರಿತವರು.

"ಇಳಿ, ಬೀಳ್ತೀಯ," ಎಂದಳು ಅಕ್ಕ. ಇಳಿದೆ. ಅವಳು ಅದೇ ಸ್ಟೂಲಿನ ಮೇಲೆ ಕೂತುಕೊಂಡಳು. "ನಿನಗೊಂದು ಹೇಳ್ಲಾ? ಯಾರಿಗೂ ಹೇಳಿಲ್ಲ. ಆ ವಾರ ನಾನು ಅವರ ಹತ್ರ ಮಾತು ಬಿಟ್ಟಿದ್ದೆ. ಆಗಷ್ಟೇ ಗೋಡೆಗೆ ಬಣ್ಣ ಹೊಡೆಸಿತ್ತು, ಮೆಷಿನ್ನಿಗೆ ವೈರು ಬೇಕು ಅಂತ ತೂತು ಕೊರೆದುಬಿಟ್ರು. ನಿಮ್ಮ ವೈರು ಕಟ್ಕೊಂಡು ನೀವೇ ಇರಿ, ನನ್ನನ್ನ ಮಾತಾಡಿಸಬೇಡಿ ಅಂದೆ. ಎರಡು ದಿನ ತಟ್ಟೆ ಇಟ್ಟೆ, ಮಾತಾಡಲಿಲ್ಲ. ಮೂರನೇ ದಿನ ಹೋದೋರು ಬರಲಿಲ್ಲ."

"ಅಕ್ಕಾ..."

"ತಾಳು. ಅಷ್ಟು ಹೆದರೋ ಮನುಷ್ಯ ಬೇಕು ಅಂತಲ್ಲದೆ ಅದನ್ನ ಕತ್ತರಿಸ್ತಾರೇನೋ? ನನ್ನ ಮೇಲಿನ ಸಿಟ್ಟಿಗೇ ಕತ್ತರಿಸಿಕೊಂಡ್ರು. ಸಾಯಬೇಕು ಅಂತಲೇ ಇಳಿದ್ರು. ಇನ್ನೇನಿರತ್ತೆ? ದಿನಾ ಬೆಳಿಗ್ಗೆ ಅವರನ್ನ ಬೈತೀನಿ, ಆಮೇಲೆ ನನ್ನನ್ನೇ ಬೈಕೋತೀನಿ. ಈ ವೈರು ಕಣ್ಣೆದುರಿದ್ರೆ ನನಗೆ ಹುಚ್ಚು ಹಿಡಿಯತ್ತೆ. ಅದಕ್ಕೇ ಕಿತ್ತು ಹಾಕು ಅಂದಿದ್ದು."

ಹನ್ನೊಂದು ತಿಂಗಳು ಅವಳು ಹೊತ್ತಿದ್ದು ಇದನ್ನು. ನಾನು ಅವಳ ಎದುರಿಗೆ ಕೂತು ಟೀ ಕುಡಿಯುತ್ತಿದ್ದಾಗಲೂ ಇದನ್ನೇ ಹೊತ್ತಿದ್ದಳು. ನನಗೆ ಅಸಹ್ಯವಾಯಿತು, ನನ್ನ ಮೇಲೆ. ಹೆಗಲ ಮೇಲಿದ್ದ ವೈರಿನ ಸುರುಳಿಯನ್ನು ನೆಲಕ್ಕಿಟ್ಟೆ.

"ಅಕ್ಕಾ, ಅವರು ಕತ್ತರಿಸಲಿಲ್ಲ. ನಾನು ಕತ್ತರಿಸಿದೆ."

ಅವಳಿಗೆ ಮೊದಲು ಕೇಳಿಸಿದ ಹಾಗೆ ಕಾಣಲಿಲ್ಲ. ಮತ್ತೆ ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಡಬ್ಬಿ ತಂದದ್ದು, ಗುರುತು ನೋಡದಿದ್ದದ್ದು, ಅವರು ಇರ್ಲಿ ಬಿಡಿ ಎಂದದ್ದು, ನಾನು ರೇಗಿದ್ದು, ಅವರ ಚೀಲದ ಕಟ್ಟರು. ಅಧಿಕಾರಿ ಕೇಳಿದಾಗ ಇರಬಹುದು ಎಂದದ್ದನ್ನೂ ಹೇಳಿದೆ. ಜೋರಾಗಿ ಹೇಳಲಾಗಲಿಲ್ಲ, ಉದ್ದಕ್ಕೂ ತಡವರಿಸಿದೆ.

ಅಕ್ಕ ಬೈದಿದ್ದರೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಬೇರೆಯೇ.

"ನೀನು ಕತ್ತರಿಸಿದಾಗ ಅವರು ಏನಂದ್ರು?"

"ಮುಗೀತು ಬಿಡಿ, ನೀವು ಹೇಳಿದ ಮೇಲೆ ಮುಗೀತು ಅಂದ್ರು." ಉಳಿದದ್ದನ್ನೂ ಹೇಳಿದೆ. "ನಕ್ಕರು."

"ನಕ್ಕರಾ?"

"ಹೂಂ. ನಗ್ತಾನೇ ಇಳಿದ್ರು."

"ಅಂದ್ರೆ ಸಿಟ್ಟಿರಲಿಲ್ಲ," ಎಂದಳು, ನನಗಲ್ಲ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು, ವರದಿ ಬಂದ ದಿನದಿಂದ ಬತ್ತಿದ್ದ ಕಣ್ಣೀರನ್ನೆಲ್ಲ ಸುರಿಸಿ ಅತ್ತಳು. ಚಿಕ್ಕಂದಿನಲ್ಲಿ ಅವಳು ಅತ್ತಾಗ ನಾನು ಹೋಗಿ ಅವಳ ಮೊಣಕಾಲಿಗೆ ಒರಗಿ ಕೂರುತ್ತಿದ್ದೆ. ಈಗ ಒಂದು ಹೆಜ್ಜೆ ಮುಂದಿಟ್ಟೆ. ಅವಳು ಮುಖ ಎತ್ತದೆಯೇ ಕೈ ಅಡ್ಡ ಹಿಡಿದಳು. ನಿಂತಲ್ಲೇ ನಿಂತೆ.

ಕೊನೆಗೆ ಅವಳು ಎದ್ದು ಮೂಗೊರೆಸಿಕೊಂಡು ಹೇಳಿದಳು: "ಕಿತ್ತಿದ್ದನ್ನೆಲ್ಲ ಮತ್ತೆ ಹಾಕು. ಎಲ್ಲೆಲ್ಲಿ ಹೇಗಿತ್ತೋ ಹಾಗೇ. ಅವರು ಹಾಕಿದ ಹಾಗೇ."

ಹಾಕಿದೆ. ಕೀಳುವುದಕ್ಕೆ ಒಂದು ಗಂಟೆ ಹಿಡಿದಿತ್ತು, ಹಾಕುವುದಕ್ಕೆ ಸಂಜೆಯಾಯಿತು. ಅವಳು ಉದ್ದಕ್ಕೂ ನನ್ನ ಹಿಂದೆಯೇ ನಿಂತಿದ್ದಳು. ನೀರು ಬೇಕೇ ಎಂದು ಕೇಳಲಿಲ್ಲ. ನಾನು ಎಷ್ಟೇ ಜೋಪಾನ ಮಾಡಿದರೂ ಮೂಲೆಗಳಲ್ಲಿ ವೈರು ಭಾವನ ಕೈಗೆ ಬಗ್ಗಿದಷ್ಟು ನಯವಾಗಿ ಬಗ್ಗಲಿಲ್ಲ. ಮಂಚದ ಹತ್ತಿರ ಒಂದು ಮೊಳೆ ಓರೆಯಾಯಿತು. "ಅದು ಸರಿಯಿಲ್ಲ," ಎಂದಳು. ಕಿತ್ತು ಮತ್ತೆ ಹೊಡೆದೆ. ಕರೆಗಂಟೆಯ ಡಬ್ಬಿಯಲ್ಲಿ ಮಡಚಿಟ್ಟ ತುದಿಯನ್ನು ಮಾತ್ರ ಮುಟ್ಟಲಿಲ್ಲ. ಅವರು ಸುತ್ತಿದ ಟೇಪು ಹಾಗೇ ಇರಲೆಂದು ಮುಚ್ಚಳ ಹಾಕಿದೆ.

ಮೇನ್ ಆನ್ ಮಾಡಿ, ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದೆ.

"ನಾಳೆ ಆ ಆಫೀಸಿಗೆ ಹೋಗಿ ಬರೆದುಕೊಡ್ತೀಯಾ?" ಎಂದು ಕೇಳಿದಳು.

"ಕೊಡ್ತೀನಿ."

"ಕೆಲಸ ಹೋಗತ್ತೆ."

"ಹೋಗ್ಲಿ ಅಕ್ಕಾ."

"ಅವರ ಹೆಸರಿನ ಮೇಲಿರೋ ಆ ಮಾತು ಅಳಿಸಿದ ಕಾಗದ ಕೈಗೆ ಬಂದ ದಿನ ತಗೊಂಡು ಬಾ. ಅಲ್ಲೀವರೆಗೂ ಈ ಬೆಲ್ ಒತ್ತಬೇಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿನ್ನನ್ನ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗ್ತಿದ್ದರಲ್ಲೋ," ಎಂದಳು. ಬಾಗಿಲು ಹಾಕಿಕೊಂಡಳು.

ನನಗೆ ಮೆಟ್ಟಿಲಿಳಿಯಲಾಗಲಿಲ್ಲ. ಅಲ್ಲೇ ಗೋಡೆಗೊರಗಿ ನಿಂತೆ. ಒಳಗೆ ಅವಳ ಹೆಜ್ಜೆಗಳು ಬಚ್ಚಲಿನ ಕಡೆ ಹೋದವು. ನೀರು ಕಾಯಿಸುವ ಸ್ವಿಚ್ಚಿನ ಸದ್ದು ಕೇಳಿಸಿತು, ಅವಳು ದಿನಾ ಗಂಡನನ್ನು ಬೈಯುತ್ತಿದ್ದ ಜಾಗ ಅದು.

"ರೀ," ಎಂದಳು ಅಕ್ಕ. "ನೀವಲ್ಲವಂತೆ ಕಣ್ರೀ."